ಲಾರಿಯ ವೇಗವೂ ಮನೆಯ ಸಂಪಾದನೆಯೂ

(ಹೊಸೂರಿನಲ್ಲಿ ಕೂಲಿಗಾರ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ತೋಟದ ಕೆಲಸದವರ ಮುಂದೆ ಲಾರಿಯ ಮಾತು ಏಕೆ ಎಂದು ನೀವು ಕೇಳಬಹುದು. ನಮ್ಮ ಲೈನ್ ಮನೆಗಳಿಂದ ಎಷ್ಟು ಹುಡುಗರು ಕ್ಲೀನರಾಗಿ ಲಾರಿ ಹತ್ತಿ ಆಮೇಲೆ ಡ್ರೈವರಾಗಿದ್ದಾರೆ ಎಂಬುದನ್ನು ಎಣಿಸಿ ನೋಡಿ. ತಾಯಿ ತೋಟದಲ್ಲಿ, ಮಗ ರಸ್ತೆಯಲ್ಲಿ. ಆದ್ದರಿಂದ ಇದು ನಮ್ಮ ಮನೆಯ ಮಾತೇ.

ತೂಕದ ಮೇಲೆ ಕೂಲಿ ಇರುವ ಕಡೆ ನಾವು ಒಂದು ಪಾಠ ಕಲಿತಿದ್ದೇವೆ. ಕೈ ಚುರುಕಾದರೆ ತೂಕ ಹೆಚ್ಚು, ತೂಕ ಹೆಚ್ಚಾದರೆ ಕೂಲಿ ಹೆಚ್ಚು. ಲಾರಿ ಹತ್ತಿದ ಮಗನೂ ಇದೇ ಲೆಕ್ಕ ಹಾಕುತ್ತಾನೆ: ಬೇಗ ಓಡಿಸಿದರೆ ಬೇಗ ಇನ್ನೊಂದು ಟ್ರಿಪ್ಪು. ಆದರೆ ನಮ್ಮ ಕೈ ಡೀಸೆಲ್ ಕುಡಿಯುವುದಿಲ್ಲ, ಇಂಜಿನು ಕುಡಿಯುತ್ತದೆ. ಅಲ್ಲಿಯೇ ಲೆಕ್ಕ ತಪ್ಪುವುದು.

ಲಾರಿ ಓಡುವಾಗ ಮುಂದಿನ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ಓಡುವ ಲಾರಿಯನ್ನು 75ಕ್ಕೆ ಏರಿಸಿದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಹಾಗೆಂದು ಆಮೆಯಂತೆ ಹೋಗಬೇಕೆಂದೂ ಅಲ್ಲ. ಕೆಳಗಿನ ಗೇರಿನಲ್ಲಿ ಎಳೆದಾಡಿದರೂ ಡೀಸೆಲ್ ಹಾಳೇ. ಪೆಟ್ರೋಲಿಯಂ ಉಳಿತಾಯಕ್ಕೆಂದು 1978ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಂಸ್ಥೆ 45ರಿಂದ 55 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿಸಿರಿ ಎಂದು ಹೇಳುತ್ತಾ ಬಂದಿದೆ. ಶ್ರೀಮಂತ ದೇಶವಾದ ಅಮೆರಿಕವೇ 1973ರ ಎಣ್ಣೆಯ ಬಿಕ್ಕಟ್ಟಿನ ನಂತರ, 1974ರಲ್ಲಿ, ಇಡೀ ದೇಶದ ಹೆದ್ದಾರಿಗಳಿಗೆ ಸುಮಾರು 88 ಕಿ.ಮೀ. ಮಿತಿ ಹಾಕಿತು. 1995ರಲ್ಲಿ ಅದನ್ನು ತೆಗೆದರು. ಮಿತಿ ಹಾಕಿದ್ದು ಮೊದಲು ಎಣ್ಣೆ ಉಳಿಸುವುದಕ್ಕಾಗಿಯೇ.

ಈಗ ಒಂದು ಲೆಕ್ಕ ಮಾಡೋಣ. ಚೆನ್ನೈಯಿಂದ ಹೊಸೂರಿಗೆ ಸುಮಾರು 300 ಕಿ.ಮೀ. 60ರ ವೇಗಕ್ಕೆ 5 ಗಂಟೆ, 75ಕ್ಕೆ 4 ಗಂಟೆ. ಉಳಿದದ್ದು ಒಂದು ಗಂಟೆ. ನಿಧಾನಕ್ಕೆ ಹೋದ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟಿತು, ವೇಗವಾಗಿ ಹೋದದ್ದು ಮೂರೂವರೆ ಕೊಟ್ಟಿತು ಎಂದು ಇಟ್ಟುಕೊಳ್ಳಿ. ಮೊದಲನೆಯದಕ್ಕೆ 75 ಲೀಟರ್, ಎರಡನೆಯದಕ್ಕೆ ಸುಮಾರು 86 ಲೀಟರ್. ಹೆಚ್ಚು ಸುಟ್ಟದ್ದು 11 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ 990 ರೂಪಾಯಿ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು. ಲಾರಿ, ಲೋಡು, ರಸ್ತೆ ನೋಡಿಕೊಂಡು ನಿಮ್ಮ ಅಂಕಿ ಬೇರೆ ಬರಬಹುದು. ಆದರೆ ಕೇಳುತ್ತೇನೆ: ಒಂದು ಗಂಟೆಗೆ 990 ರೂಪಾಯಿ ಕೂಲಿ ನಮ್ಮಲ್ಲಿ ಯಾರಿಗೆ ಸಿಕ್ಕಿದೆ? ಅಷ್ಟು ಕೊಟ್ಟು ಒಂದು ಗಂಟೆಯನ್ನು ಕೊಂಡುಕೊಂಡಂತಾಯಿತು.

ಇದು ಮಾಲೀಕರ ನಷ್ಟ ಮಾತ್ರ ಎಂದು ತಿಳಿಯಬೇಡಿ. ಅನೇಕ ಕಡೆ ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಡೀಸೆಲ್ ಅಳೆದು ಕೊಡುತ್ತಾರೆ. ಕಡಿಮೆ ಬಿದ್ದರೆ ಡ್ರೈವರನ ಬತ್ತದಿಂದ ಹಿಡಿಯುತ್ತಾರೆ. ಅಂದರೆ ಆ ಹಣ ನಮ್ಮ ಅಡಿಗೆಮನೆಯಿಂದ ಹೋಗುತ್ತದೆ.

ಹಾಗೆ ಕೊಂಡ ಗಂಟೆ ಏನಾಗುತ್ತದೆ? ಚೆನ್ನೈ ರಸ್ತೆ, ಸೇಲಂ ರಸ್ತೆ ಎರಡೂ ಕೃಷ್ಣಗಿರಿಯಲ್ಲಿ ಕೂಡಿ ಶೂಳಗಿರಿ, ಹೊಸೂರು ದಾಟಿ ಅತ್ತಿಬೆಲೆಗೆ ಬರುತ್ತವೆ. ಬೆಂಗಳೂರಿನೊಳಗೆ ಹಗಲಿನ ನಿಗದಿತ ಹೊತ್ತುಗಳಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲ. ಬೇಗ ಬಂದವನೂ ನಿಂತಿರಬೇಕು, ನಿಧಾನವಾಗಿ ಬಂದವನೂ ನಿಂತಿರಬೇಕು. ನಮ್ಮ ಸಾಲಿನ ಒಬ್ಬ ಹುಡುಗ ರಾತ್ರಿಯೆಲ್ಲಾ ಕಣ್ಣು ಮುಚ್ಚದೆ ಓಡಿಸಿ ಬೆಳಗಿನ ಜಾವ ಒಂದು ಕಾರ್ಖಾನೆಯ ಗೇಟಿಗೆ ಬಂದ. ಲೋಡು ಇಳಿಸಿದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಲಾರಿಯ ಕೆಳಗೆ ಮಲಗಿದ್ದ. "ಅಣ್ಣಾ, ಓಡಿದ್ದಕ್ಕೆ ಕಾಸು ಸಿಕ್ಕಿತು, ಕಾದದ್ದಕ್ಕೆ ಏನೂ ಇಲ್ಲ" ಎಂದ.

ನೋಡಿ, ರೋಗದ ಬೇರು ಇಲ್ಲಿದೆ. ಗೇಟಿನಲ್ಲಿ ಕಾಯುವ ಹೊತ್ತಿಗೆ ಕೂಲಿ ಇಲ್ಲ. ಆ ನಷ್ಟವನ್ನು ನಮ್ಮ ಹುಡುಗ ರಸ್ತೆಯಲ್ಲಿ ತುಂಬಿಕೊಳ್ಳಲು ಹೋಗುತ್ತಾನೆ. ಅದು ತುಂಬುವುದಿಲ್ಲ. ಡೀಸೆಲ್ ಹೋಗುತ್ತದೆ, ಟೈರು ಸವೆಯುತ್ತದೆ, ನಿದ್ದೆ ಕೆಡುತ್ತದೆ. ವೇಗ ಹೆಚ್ಚಿದಷ್ಟೂ ಬ್ರೇಕ್ ಹಾಕಿ ನಿಲ್ಲಿಸಲು ದೂರ ಹೆಚ್ಚು ಬೇಕು. ಈ ಹೆದ್ದಾರಿಯನ್ನು ನಮ್ಮವರೇ ನಡೆದು ದಾಟುತ್ತಾರೆ ಎಂಬುದು ನೆನಪಿರಲಿ.

ಡೀಸೆಲ್ ಉಳಿಸಲು ಕೆಲವರು ಬೇರೊಂದು ದಾರಿ ಹಿಡಿಯುತ್ತಾರೆ. ಧರ್ಮಪುರಿ ದಾಟಿ ಸೇಲಂ ಕಡೆಗೆ ತೊಪ್ಪೂರು ಘಾಟಿ ಇಳಿಯುವಾಗ ಇಂಜಿನು ಆರಿಸುವುದು, ಇಲ್ಲವೆ ನ್ಯೂಟ್ರಲ್‌ನಲ್ಲಿ ಬಿಡುವುದು. ಇದು ಸಾವಿನ ದಾರಿ. ಲಾರಿಯ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವುದು ಇಂಜಿನೇ. ಇಂಜಿನು ನಿಂತರೆ ನಾಲ್ಕಾರು ಸಲ ಒತ್ತುವಷ್ಟರಲ್ಲಿ ಗಾಳಿ ಮುಗಿಯುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಲಾರಿಯನ್ನು ಹಿಡಿದಿಡಲು ಇಂಜಿನಿನ ಬಲ ಸಿಗದೆ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ತಪ್ಪುತ್ತದೆ. ಅದರಿಂದ ಉಳಿತಾಯವೂ ಇಲ್ಲ. ಈಗಿನ ಇಂಜಿನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನು ಓಡುತ್ತಿರಲು ಡೀಸೆಲ್ ಬೇಕೇ ಬೇಕು.

ಕಾನೂನಿನ ಮಾತೂ ತಿಳಿದಿರಲಿ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಲೇನಿನ ಹೆದ್ದಾರಿಯಲ್ಲಿ ಸರಕು ಲಾರಿಗೆ 80 ಕಿ.ಮೀ. ಗರಿಷ್ಠ ಮಿತಿ ಎಂದು ಗೊತ್ತುಮಾಡಿತು. ಅದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಮಿತಿ ಮೀರಿ ಓಡಿಸಿದವನು ಮಾತ್ರವಲ್ಲ, ತನ್ನ ಕೆಲಸಗಾರನಿಂದ ಹಾಗೆ ಓಡಿಸಿದ ಮಾಲೀಕನೂ ತಪ್ಪಿತಸ್ಥನೇ. ಡ್ರೈವರನಿಗೂ ದಿನಕ್ಕೆ 8 ಗಂಟೆಯೇ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂಬ ನ್ಯಾಯ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲೇ ಬಂದಿತು.

ಕೊನೆಯಲ್ಲಿ ಮೂರು ಮಾತು. ಒಂದು, ನಿಮ್ಮ ಮಗನ ಕೈಗೆ ಒಂದು ನೋಟುಪುಸ್ತಕ ಕೊಡಿ. ಪ್ರತಿ ಟ್ರಿಪ್ಪಿನ ಕಿಲೋಮೀಟರ್, ಡೀಸೆಲ್, ಗೇಟಿಗೆ ಬಂದ ಹೊತ್ತು, ಬಿಟ್ಟ ಹೊತ್ತು ಬರೆಯಲಿ. ಎರಡು, ಹಾಲ್ಟಿಂಗ್ ಹಣದಲ್ಲಿ ಡ್ರೈವರ್, ಕ್ಲೀನರ್ ಇಬ್ಬರಿಗೂ ಪಾಲು ಕೇಳೋಣ. ಒಬ್ಬನೇ ಕೇಳಿದರೆ ಕೆಲಸ ಹೋದೀತು, ಸಂಘವಾಗಿ ಕೇಳಿದರೆ ಲೆಕ್ಕದ ಮೇಲೆ ಮಾತು ನಡೆಯುತ್ತದೆ. ಆಗ ಆ ನೋಟುಪುಸ್ತಕವೇ ನಮ್ಮ ಸಾಕ್ಷಿ. ಮೂರು, ತಾಯಂದಿರೇ, ತಂಗಿಯರೇ, ಅವನು ಓಡಿಸುತ್ತಿರುವಾಗ ಫೋನ್ ಮಾಡಿ "ಎಲ್ಲಿದ್ದೀಯಾ, ಯಾವಾಗ ಬರುತ್ತೀಯಾ" ಎಂದು ಅವಸರ ಮಾಡಬೇಡಿ. ಒಂದು ಗಂಟೆ ತಡವಾದರೂ ಅನ್ನ ಬಿಸಿ ಮಾಡಿ ಬಡಿಸಬಹುದು.