ರಹದಾರಿ, ವೀಸಾ ಮತ್ತು ನಮ್ಮ ಹುಡುಗರು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಕರಾವಳಿಯಿಂದ ಹಡಗು ಹತ್ತಿ ಈ ನಗರಕ್ಕೆ ಬಂದಾಗ ಅವರನ್ನು ಯಾರೂ ರಹದಾರಿ ಕೇಳಲಿಲ್ಲ. ಊರಿನವರೊಬ್ಬರ ಹೋಟೆಲಿನ ವಿಳಾಸ ಗೊತ್ತಿದ್ದರೆ ಸಾಕಾಗಿತ್ತು. ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಈ ಸಭೆಯಲ್ಲೇ ಇದ್ದೀರಿ. 1970ರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿ ಎಣ್ಣೆಯ ಹಣ ಹರಿಯತೊಡಗಿದ ಮೇಲೆ ಅದೇ ಊರುಗಳ ಹುಡುಗರಿಗೆ ಮುಂಬಯಿ ಹಾದಿಯ ತಂಗುದಾಣವಾಯಿತು. ನಮ್ಮ ಮನೆಗಳಲ್ಲಿ ನಾಲ್ಕು ದಿನ ಉಂಡು ವಿಮಾನ ಹತ್ತಿದವರೆಷ್ಟು ಮಂದಿ!

ನನ್ನ ಅಕ್ಕನ ಮಗನೂ ಕುಂದಾಪುರದಿಂದ ಹಾಗೆಯೇ ಬಂದ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು. ದುಬೈಯಲ್ಲಿ ಅಡುಗೆಯ ಕೆಲಸವೆಂದು ದಲ್ಲಾಳಿಯೊಬ್ಬ ಹೇಳಿದ್ದ. ಕಾಗದ ನೋಡಿದರೆ ಅದು ಸಂದರ್ಶಕನ ವೀಸಾ. "ಅಲ್ಲಿ ಹೋದ ಮೇಲೆ ಬದಲಿಸಿ ಕೊಡ್ತಾರಂತೆ, ಮಾವ" ಎಂದ. ನಾನು ಸುಮ್ಮನಾದೆ. ಹೀಗೆ ಬದಲಿಸಲು ಅಲ್ಲಿನ ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಆದರೆ ಅದು ಧಣಿಯ ಮರ್ಜಿ. ಬದಲಾಗುವ ತನಕ ಮಾಡಿದ ದುಡಿಮೆ ಕಾನೂನಿಗೆ ಹೊರತು. ಇವನ ವೀಸಾ ಬದಲಾಗಲಿಲ್ಲ. ಪಾಸ್‌ಪೋರ್ಟ್ ಧಣಿಯ ಪೆಟ್ಟಿಗೆ ಸೇರಿತು, ಸಂಬಳ ಬರಲಿಲ್ಲ, ಅವಧಿ ಮೀರಿದ್ದಕ್ಕೆ ದಿನದ ಲೆಕ್ಕದಲ್ಲಿ ದಂಡ ಬೆಳೆಯಿತು. ಅಕ್ಕ ಬಳೆ ಅಡವಿಟ್ಟು ಅವನನ್ನು ಕರೆಸಿಕೊಂಡಳು.

ದಲ್ಲಾಳಿ ಈ ದಾರಿ ಹಿಡಿದುದೇಕೆಂಬುದು ನನಗೆ ಆಮೇಲೆ ತಿಳಿಯಿತು. ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಗುರುತಿರುತ್ತದೆ. ಅಂಥವರು ಕೊಲ್ಲಿ ರಾಜ್ಯಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವುದಾದರೆ, 1983ರ ವಲಸೆ ಕಾಯಿದೆಯಂತೆ ಸರಕಾರದ ವಲಸೆ ರಕ್ಷಣಾಧಿಕಾರಿ ಒಪ್ಪಿಗೆ ಕೊಡಬೇಕು. ಕೆಲಸದ ಕರಾರನ್ನೂ ದಲ್ಲಾಳಿಯ ಪರವಾನಗಿಯನ್ನೂ ಅಲ್ಲಿ ನೋಡುತ್ತಾರೆ. ದಲ್ಲಾಳಿಯ ಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರಕೂಡದು. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 10 ಲಕ್ಷದ ವಿಮೆಯುಂಟು. ಸಂದರ್ಶಕನಾಗಿ ಹೊರಟವನಿಗೆ ಇದೊಂದೂ ಅನ್ವಯಿಸದು. ನಮ್ಮವರು ಇ.ಸಿ.ಆರ್. ಗುರುತನ್ನು ಅವಮಾನವೆಂದು ಎಣಿಸುತ್ತಾರೆ, ನಾನೂ ಎಣಿಸಿದ್ದೆ. ಬಡವನ ಪರವಾಗಿ ಒಬ್ಬ ಅಧಿಕಾರಿ ಕರಾರು ಓದಿ ನೋಡುವುದು ಅವಮಾನ ಹೇಗಾದೀತು? ಆ ಕಚೇರಿಗೆ ದೂರವೂ ಹೋಗಬೇಕಿಲ್ಲ. 2017ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ತೆರೆದ ವಿದೇಶ ಭವನದಲ್ಲಿಯೇ ಅದಕ್ಕೂ ಸ್ಥಳ ಮಾಡಿದ್ದಾರೆ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರಿಗೂ ಒಂದು ಮಾತು. ವೀಸಾ ಹತ್ತು ವರ್ಷದ್ದೆಂದರೆ ಹತ್ತು ವರ್ಷ ಅಲ್ಲಿರಬಹುದೆಂದಲ್ಲ. ಒಳಗೆ ಬಿಡುವಾಗ ಅಧಿಕಾರಿ ಗೊತ್ತುಮಾಡಿದ ತಾರೀಖೇ ಲೆಕ್ಕ. ಸಾಮಾನ್ಯವಾಗಿ ಅದು ಆರು ತಿಂಗಳು. ಓದಲು ಹೋಗುವ ಮಕ್ಕಳಿಗೂ ಕಾಲೇಜಿನ ಆವರಣದ ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಹೋಟೆಲಿನಲ್ಲಿ ಗುಟ್ಟಾಗಿ ನಾಲ್ಕು ತಾಸು ನಿಂತು ಓದನ್ನೇ ಕಳೆದುಕೊಳ್ಳಬೇಡಿರೆಂದು ಅವರಿಗೆ ತಿಳಿಸಿ.

ಅಕ್ಕನ ಮಗ ಈಗ ಚೆಂಬೂರಿನ ಹೋಟೆಲೊಂದರಲ್ಲಿದ್ದಾನೆ. ರಾತ್ರಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಾನೆ. ಮತ್ತೆ ದುಬೈಗೆ ಹೋಗಬೇಕೆನ್ನುತ್ತಾನೆ. ಹೋಗು, ಬೇಡವೆನ್ನಲಾರೆ, ಈ ಸಲ ವೀಸಾವನ್ನು ಮೊದಲು ನಾನು ಓದುತ್ತೇನೆ ಎಂದಿದ್ದೇನೆ.