ಕೊಂಡ ಪೆನ್ನು, ಬರೆಯುವ ಪೆನ್ನು
(ಸಂಘದ ತಿಂಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೈದರಾಬಾದಿನ ಕನ್ನಡಿಗರು ಕೂಡಿದ ಸಭೆಯಲ್ಲಿ ನಾಡುನುಡಿಯ ದೊಡ್ಡ ವಿಷಯಗಳನ್ನು ಬಿಟ್ಟು ಫೌಂಟನ್ ಪೆನ್ನಿನ ಮಾತೇಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನುಡಿಗೆ ಬಾಯಿಯಂತೆ ಕೈಯೂ ಬೇಕು. ಕೈಗೆ ಲೇಖನಿ ಬೇಕು. ಆ ಲೇಖನಿ ಈಗ ಎಷ್ಟೋ ಮನೆಗಳಲ್ಲಿ ಕೆಲಸವಿಲ್ಲದ ಅತಿಥಿಯಂತೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದೆ. ಒಂದಲ್ಲ, ಹತ್ತಿಪ್ಪತ್ತು ಮಲಗಿವೆ. ಇಷ್ಟಾದರೂ ಹೊಸ ಪೆನ್ನು ಕಂಡೊಡನೆ ಕೈ ಜೇಬಿಗೆ ಹೋಗುತ್ತದೆ.

ಮೊದಲು ಈ ಉಪಕರಣದ ಗುಟ್ಟನ್ನು ನೋಡೋಣ. ನ್ಯೂಯಾರ್ಕಿನ ಲೂಯಿ ವಾಟರ್‌ಮನ್ ಎಂಬವರು 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿನಲ್ಲಿ ಮಸಿ ಹೊರಕ್ಕೂ ಗಾಳಿ ಒಳಕ್ಕೂ ಹದವಾಗಿ ಸಾಗುವಂತೆ ಸಣ್ಣ ಗೀರುಗಳಿದ್ದವು. ನಿಬ್ಬಿನ ಸೀಳು, ಅದರ ಅಡಿಯ ನಾಲಗೆ ಇವೆರಡೂ ಕೂಡಿ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಸಿಯನ್ನು ಕಾಗದಕ್ಕೆ ಎಳೆದು ತರುತ್ತವೆ. ಹರಿಯುತ್ತಿರುವವರೆಗೆ ಎಲ್ಲವೂ ಸುಖ. ನಿಂತಿತೆಂದರೆ ಮಸಿಯಲ್ಲಿನ ನೀರು ಆರಿ, ಬಣ್ಣ ಗಟ್ಟಿಯಾಗಿ, ದಾರಿಯನ್ನೇ ಮುಚ್ಚುತ್ತದೆ. ದಿನವೂ ಬರೆಯುವ ಪೆನ್ನು ವರ್ಷಗಟ್ಟಲೆ ಬಾಳುತ್ತದೆ. ಮಸಿ ತುಂಬಿ ಮರೆತ ಪೆನ್ನು ಬಹುಬೇಗ ಮುನಿಸಿಕೊಳ್ಳುತ್ತದೆ. ಆಭರಣವನ್ನು ಪೆಟ್ಟಿಗೆಯಲ್ಲಿಟ್ಟರೆ ಕೆಡುವುದಿಲ್ಲ, ಪೆನ್ನು ಹಾಗಲ್ಲ.

ನಮ್ಮ ನೆರೆಯಲ್ಲೇ, ಗೋದಾವರಿ ತೀರದ ರಾಜಮಂಡ್ರಿಯಲ್ಲಿ, ಕೆ. ವಿ. ರತ್ನಂ ಎಂಬ ಕುಶಲಕರ್ಮಿಗಳಿದ್ದರು. ಗಾಂಧೀಜಿಯವರ ಸ್ವದೇಶಿಯ ಕರೆಗೆ ಓಗೊಟ್ಟು ಅವರು ಕೈಯಾರೆ ಪೆನ್ನು ತಯಾರಿಸಿದರು. ಜೆ. ಸಿ. ಕುಮಾರಪ್ಪನವರ ಮೂಲಕ ತಮ್ಮ ಕೈಸೇರಿದ ಪೆನ್ನು ವಿದೇಶಿ ಪೆನ್ನಿಗೆ ಒಳ್ಳೆಯ ಬದಲಿಯಂತೆ ಕಾಣುತ್ತದೆಂದು ಗಾಂಧೀಜಿ 1935ರ ಜುಲೈ 16ರಂದು ರತ್ನಂ ಅವರಿಗೆ ಪತ್ರ ಬರೆದರು. ಇದರಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದುಂಟು. ಅವರು ಪೆನ್ನನ್ನು ಉಪಯೋಗಿಸಿ ನೋಡಿದರು, ಆಮೇಲೆ ಮೆಚ್ಚಿದರು. 1928ರಲ್ಲಿ ನಮ್ಮ ಈ ನಗರದಲ್ಲಿ ಆರಂಭವಾದ ಡೆಕ್ಕನ್ ಪೆನ್ ಸ್ಟೋರ್ಸಿನಂಥ ಅಂಗಡಿಗಳ ಹೆಸರೂ ಇದೇ ಪದ್ಧತಿಯಿಂದ ಬೆಳೆಯಿತು. ಗಿರಾಕಿ ಕೂತು, ಮಸಿ ಅದ್ದಿ, ನಾಲ್ಕು ಸಾಲು ಬರೆದು, ನಿಬ್ಬು ತನ್ನ ಕೈಗೆ ಒಗ್ಗಿದ ಮೇಲೆ ಹಣ ಕೊಡುತ್ತಿದ್ದ.

ಈಗಿನ ಕ್ರಮ ಬೇರೆ. ರಾತ್ರಿ ಹನ್ನೊಂದಕ್ಕೆ ಫೋನಿನ ಪರದೆಯ ಮೇಲೆ ಪಚ್ಚೆಬಣ್ಣದ ಪೆನ್ನೊಂದು ಮಿನುಗುತ್ತದೆ, ‘ಇನ್ನು ಎರಡೇ ಉಳಿದಿವೆ’ ಎಂದು ಅದರಡಿ ಬರೆದಿರುತ್ತದೆ, ಬೆರಳು ಒತ್ತುತ್ತದೆ. ಇದು ಈ ಕಾಲದ ಹುಚ್ಚು ಮಾತ್ರವೆಂದು ತಿಳಿಯಬೇಡಿ. 1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಗಿಂಬೆಲ್ಸ್ ಅಂಗಡಿಯಲ್ಲಿ ರೆನಾಲ್ಡ್ಸ್ ಬಾಲ್‌ಪಾಯಿಂಟ್ ಪೆನ್ನು ಮಾರಾಟಕ್ಕೆ ಬಂತು. ಬೆಲೆ ಹನ್ನೆರಡೂವರೆ ಡಾಲರು. ನೀರಿನೊಳಗೂ ಬರೆಯುತ್ತದೆಂಬುದು ಅದರ ಜಾಹೀರಾತು. ಒಂದೇ ದಿನ ಸಾವಿರಾರು ಪೆನ್ನುಗಳು ಖರ್ಚಾದವು. ಅವರಲ್ಲಿ ನೀರಿನೊಳಗೆ ಕೂತು ಪತ್ರ ಬರೆಯಬೇಕಾದ ಪ್ರಮೇಯ ಎಷ್ಟು ಜನಕ್ಕಿತ್ತೋ! ಮುಂದೆ ಆ ಪೆನ್ನುಗಳು ಸೋರುತ್ತವೆಂಬ ದೂರು ಹಬ್ಬಿತು, ಬೆಲೆಯೂ ಕುಸಿಯಿತು.

ಹಾಕಿನ್ಸ್ ಸ್ಟರ್ನ್ ಎಂಬವರು 1962ರಲ್ಲಿ ಇಂಥ ದಿಢೀರ್ ಖರೀದಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕಂಡೊಡನೆ ಮರುಳಾಗಿ ಕೊಳ್ಳುವುದು ಒಂದು. ಮನೆಯಲ್ಲಿ ಮಸಿ ಮುಗಿದದ್ದು ಅಂಗಡಿಯಲ್ಲಿ ನೆನಪಾಗಿ ಕೊಳ್ಳುವುದು ಎರಡು. ಹಿಂದೆಂದೂ ಕಾಣದ ವಸ್ತುವನ್ನು ಕಂಡು, ಇದರಿಂದ ಉಪಯೋಗವಿದೆ ಎನಿಸಿ ಕೊಳ್ಳುವುದು ಮೂರು. ಅಗ್ಗಕ್ಕೆ ಏನು ಸಿಕ್ಕುತ್ತದೋ ನೋಡೋಣವೆಂದು ಹೊರಟು ಕೊಳ್ಳುವುದು ನಾಲ್ಕು. ಇವೆಲ್ಲವೂ ಅವಿವೇಕವಲ್ಲ. ಮಸಿ ನೆನಪಾದದ್ದು ಒಳ್ಳೆಯದೇ ಆಯಿತು. ಮೊದಲನೆಯದರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಅದು ಒಂಟಿಯಾಗಿ ಬರುವುದಿಲ್ಲ. ಕೌಪೀನವನ್ನು ಇಲಿಯಿಂದ ಕಾಯಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಕೊನೆಗೆ ಸಂಸಾರಿಯಾದ ಸಂನ್ಯಾಸಿಯ ಕಥೆ ತಮಗೆ ಗೊತ್ತು. ಪಚ್ಚೆ ಪೆನ್ನು ಬಂದರೆ ಪಚ್ಚೆ ಮಸಿ ಬೇಕು, ಮಸಿ ಒಡೆಯದ ಕಾಗದ ಬೇಕು, ಚರ್ಮದ ಚೀಲ ಬೇಕು. ಬರೆಯಲು ವಿಷಯವೊಂದು ಬೇಕೆಂಬುದು ಮಾತ್ರ ಹೊಳೆಯುವುದಿಲ್ಲ.

ಹಾಗೆಂದು ನಾನು ಸಂಗ್ರಹವನ್ನು ಹಳಿಯಲು ಬಂದವನಲ್ಲ. ನಿಜವಾದ ಸಂಗ್ರಹಕಾರ ವಸ್ತುವಿನ ಗುಣ ಬಲ್ಲವನು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಮಾಡಿದ ಎಬೊನೈಟು ಕೈಗೆ ಬೆಚ್ಚಗಿರುತ್ತದೆ, ಬಿಸಿಲಿಗಿಟ್ಟರೆ ಬಣ್ಣಗೆಡುತ್ತದೆ ಎಂಬುದನ್ನು ಅವನು ಅರಿತಿರುತ್ತಾನೆ. ಸರದಿಯ ಮೇಲೆ ಪೆನ್ನುಗಳನ್ನು ತಣ್ಣೀರಿನಲ್ಲಿ ತೊಳೆದು ಬರೆಯುತ್ತಾನೆ. ಯಾವ ಪೆನ್ನು ಏತಕ್ಕೆ ಬಂತೆಂದು ಕೇಳಿದರೆ ಹೇಳಬಲ್ಲ. ಹೇಳಲು ಬಾರದವನದು ಸಂಗ್ರಹವಲ್ಲ, ದಾಸ್ತಾನು. ಆಸೆಯನ್ನು ಹದದಲ್ಲಿಡಲು ಒಂದು ಸುಲಭ ಉಪಾಯವುಂಟು: ಕೈಯಲ್ಲಿರುವ ಪೆನ್ನಿನ ಮಸಿ ಬರೆದು ಬರೆದು ಮುಗಿಯುವವರೆಗೆ ಹೊಸದನ್ನು ಕೊಳ್ಳಬಾರದು. ಅಷ್ಟರಲ್ಲಿ ಆಸೆ ಉಳಿದಿದ್ದರೆ ಕೊಳ್ಳಿ. ಆರಿದ್ದರೆ ಹಣ ಉಳಿಯಿತು.

ಇನ್ನು ನಮ್ಮ ಮಾತು. ಅಂಗಡಿಯಲ್ಲಿ ಪೆನ್ನು ಪರೀಕ್ಷಿಸುವಾಗ ನಮ್ಮಲ್ಲಿ ಬಹುಮಂದಿ ಇಂಗ್ಲಿಷ್ ರುಜು ಹಾಕಿ ನೋಡುತ್ತಾರೆ. ‘ಳ’, ‘ಣ’, ‘ಜ್ಞ’ ಬರೆದು ನೋಡಿ. ನಿಬ್ಬು ಎಲ್ಲ ದಿಕ್ಕಿಗೂ ತಿರುಗಬೇಕಾಗುತ್ತದೆ. ಎಲ್ಲಿ ಕೆರೆಯುತ್ತದೆ, ಎಲ್ಲಿ ಮಸಿ ತಪ್ಪುತ್ತದೆ ಎಂಬುದು ಕೂಡಲೇ ತಿಳಿಯುತ್ತದೆ. ಕಂಟದಿಂದ ನೇರಗೆರೆ ಎಳೆದರೆ ಓಲೆಗರಿ ಸೀಳುವುದರಿಂದ ನಮ್ಮ ಅಕ್ಷರಗಳು ದುಂಡಾದವೆಂದು ವಿದ್ವಾಂಸರು ಹೇಳುವುದುಂಟು. ಹಾಗೆ ದುಂಡಾದ ಅಕ್ಷರ ಈಗ ಮಸಿಯ ನಿಬ್ಬಿಗೆ ಸೊಗಸಾಗಿ ಒದಗುತ್ತದೆ.

1956ರ ನವೆಂಬರ್ 1ಕ್ಕೆ ಮೊದಲು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಹಗಲೆಲ್ಲ ಉರ್ದುವಿನಲ್ಲಿ ಕಡತ ಬರೆದ ಹಿರಿಯರು ಸಂಜೆ ಊರಿಗೆ ಕನ್ನಡದಲ್ಲಿ ಕಾಗದ ಬರೆದರು. ಅವರಲ್ಲಿ ಹಲವರ ಬಳಿ ಇದ್ದದ್ದು ಒಂದೇ ಪೆನ್ನು. ಆ ಕಾಗದಗಳು ಕೆಲವು ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ. ಮೊಮ್ಮಕ್ಕಳು ಅವನ್ನು ಹಿಡಿದು, ‘ಅಜ್ಜ ಏನು ಬರೆದಾರ?’ ಎಂದು ಕೇಳುತ್ತಾರೆ. ಕನ್ನಡ ಮಾತಾಡಬಲ್ಲ ಮಗು ಕನ್ನಡ ಓದಲಾರದು, ಬರೆಯಲಾರದು. ನಾವು ಕಳೆದುಕೊಳ್ಳುತ್ತಿರುವುದು ಇದನ್ನು. ಮಖಮಲ್ಲಿನ ಪೆಟ್ಟಿಗೆ ಎಷ್ಟು ದೊಡ್ಡದಾದರೂ ಈ ನಷ್ಟ ತುಂಬದು.

ಆದ್ದರಿಂದ ನನ್ನದೊಂದು ಸೂಚನೆ. ಮುಂದಿನ ಗೋಷ್ಠಿಗೆ ಬರುವಾಗ, ಬರೆಯದೆ ಇಟ್ಟ ಪೆನ್ನು ಯಾರ ಬಳಿ ಇದೆಯೋ ಅವರು ಒಂದನ್ನು ತೊಳೆದು ತರಲಿ. ನಮ್ಮ ಮಕ್ಕಳ ಕೈಗೆ ಅದನ್ನು ಕೊಡೋಣ. ಪಕ್ಕದಲ್ಲಿ ಕೂತು ಅ, ಆ ತಿದ್ದಿಸೋಣ. ಕಲಿತ ಮೇಲೆ ಊರಿನಲ್ಲಿರುವ ಅಜ್ಜಿಗೆ ನಾಲ್ಕು ಸಾಲಿನ ಕಾಗದವನ್ನು ಆ ಮಗುವೇ ಬರೆಯಲಿ. ಚಿತ್ತು ಬಿದ್ದರೆ ಬೀಳಲಿ. ಮಸಿಯ ಖರ್ಚನ್ನು ಸಂಘ ವಹಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.