ಫ್ರೆಂಚ್ ಕಲಿಯಲು ಯಾವ ಕಾಲೇಜು?



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ನಮ್ಮ ಕೆಲವು ಮಕ್ಕಳು ಕೇಳುತ್ತಾರೆ: "ಸರ್, ಪಿಯುಸಿಗೆ ಫ್ರೆಂಚ್ ತೊಗೊಂಡ್ರ ಹೆಂಗ?" ಯಾಕಪ್ಪಾ ಎಂದರೆ, "ಮಾರ್ಕ್ಸ್ ಛಲೋ ಬೀಳ್ತಾವಂತ್ರಿ."

ಬೀಳುತ್ತವೆ, ಸುಳ್ಳಲ್ಲ. ನಮ್ಮ ಬಂಧುಗಳ ಹುಡುಗನೊಬ್ಬ ಉರ್ದು ಬಿಟ್ಟು, ದೊಡ್ಡ ಊರಿನ ಕಾಲೇಜೊಂದರಲ್ಲಿ ಫ್ರೆಂಚ್ ಆಯ್ದುಕೊಂಡ. ತೊಂಬತ್ತರ ಮೇಲೆ ಅಂಕ ಬಂದವು. ಆದರೆ ಎರಡು ವರ್ಷ ಗೈಡ್ ಬಾಯಿಪಾಠ ಮಾಡಿದ್ದೇ ಹೊರತು ತರಗತಿಯಲ್ಲಿ ಒಮ್ಮೆಯೂ ಆ ಭಾಷೆಯಲ್ಲಿ ಮಾತನಾಡಿರಲಿಲ್ಲ. ಉರ್ದು ಓದುವ ರೂಢಿ ತಪ್ಪಿತು, ಫ್ರೆಂಚ್ ಬರಲಿಲ್ಲ. ಆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ.

ಆದ್ದರಿಂದ ಕಾಲೇಜಿನ ಕಟ್ಟಡ ನೋಡುವ ಮೊದಲು ಕೇಳಿರಿ: ಇಲ್ಲಿ ಫ್ರೆಂಚ್ ಬರೀ ಒಂದು ಪತ್ರಿಕೆಯೋ, ಮುಖ್ಯ ವಿಷಯವೋ? ವಾರಕ್ಕೆ ಎಷ್ಟು ತಾಸು ಪಾಠ? ಅಧ್ಯಾಪಕರು ಕಾಯಂ ಇದ್ದಾರೆಯೇ? ಇಲ್ಲಿ ಕಲಿತವರು ಡೆಲ್ಫ್ ಪರೀಕ್ಷೆ ಪಾಸಾಗಿದ್ದಾರೆಯೇ? ಡೆಲ್ಫ್ ಎಂದರೆ ಫ್ರಾನ್ಸಿನ ಶಿಕ್ಷಣ ಇಲಾಖೆಯ ಪ್ರಮಾಣಪತ್ರ. ಎ1, ಎ2, ಬಿ1, ಬಿ2 ಎಂದು ನಾಲ್ಕು ಮೆಟ್ಟಿಲು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ಎಲ್ಲವನ್ನೂ ಪರೀಕ್ಷಿಸುತ್ತಾರೆ. ಒಮ್ಮೆ ಪಾಸಾದರೆ ಜೀವನಪೂರ್ತಿ ಊರ್ಜಿತ. ಫ್ರಾನ್ಸಿನಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಪದವಿ ಓದಲು ಸಾಮಾನ್ಯವಾಗಿ ಬಿ2 ಬೇಕು. ಅಲ್ಲಿ ಪಿಯುಸಿ ಅಂಕಪಟ್ಟಿ ತೋರಿಸಿದರೆ ನಡೆಯದು.

ಭಾಷೆಯನ್ನೇ ಮುಖ್ಯವಾಗಿ ಓದುವವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. ಕೇಂದ್ರ ಸರಕಾರದ್ದು, ಬಿ.ಎ. ಫ್ರೆಂಚ್‌ಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಮೊದಲೇ ಫ್ರೆಂಚ್ ಬರಬೇಕೆಂದಿಲ್ಲ. 1958ರಲ್ಲಿ ಅದು ಇಂಗ್ಲಿಷ್ ಸಂಸ್ಥೆಯಾಗಿ ಆರಂಭವಾಯಿತು. ನಮ್ಮ ತಾಲೂಕಿನ ಹೆಸರನ್ನೇ ಹೊತ್ತ ವಿ.ಕೃ. ಗೋಕಾಕರು ಅಲ್ಲಿ ನಿರ್ದೇಶಕರಾಗಿದ್ದರೆಂಬುದು ನಮಗೆ ಹೆಮ್ಮೆ.

ಬೇರೆ ಪದವಿಯ ಜೊತೆಗೆ ಕಲಿಯುವವರಿಗೆ ಪುಣೆಯ ರಾನಡೆ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ. ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳು ನಡೆಯುತ್ತವೆ. ಘಟಪ್ರಭಾದಲ್ಲಿ ರೈಲು ಹತ್ತಿದರೆ ಮಿರಜ ಮೇಲಿಂದ ಪುಣೆ; ಹುಕ್ಕೇರಿಯವರಿಗೆ ಸಂಕೇಶ್ವರದ ಹೆದ್ದಾರಿಯೇ ಇದೆ. ಬೆಂಗಳೂರಿನಲ್ಲಿ ಅಲಿಯಾನ್ಸ್ ಫ್ರಾಂಸೇಸ್ ಇದೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಪಾಲಕರು, ಊರಲ್ಲಿಯೇ ಪದವಿ ಓದಿಸುತ್ತ, ಇಂಥ ಸಂಸ್ಥೆಗಳ ಆನ್‌ಲೈನ್ ತರಗತಿಯನ್ನಾದರೂ ವಿಚಾರಿಸಲಿ. ಹಿಂಜರಿಕೆಗೆ ಮಗಳ ಆಸೆ ಬಲಿಯಾಗುವುದು ಬೇಡ.

ಹೈದರಾಬಾದಿನಲ್ಲಿ 1908ರಲ್ಲಿ ಹುಟ್ಟಿದ ಡಾ. ಮುಹಮ್ಮದ್ ಹಮೀದುಲ್ಲಾ ಅವರು ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಪ್ಯಾರಿಸ್‌ನ ಸೋರ್ಬೋನ್‌ನಲ್ಲಿ ಡಾಕ್ಟರೇಟ್ ಪಡೆದರು. ಅವರ ಕುರ್‌ಆನ್ ಫ್ರೆಂಚ್ ಅನುವಾದ 1959ರಲ್ಲಿ ಪ್ರಕಟವಾಯಿತು. ಫ್ರೆಂಚ್ ಕಲಿತರೂ ಅವರು ಉರ್ದುವಿನಲ್ಲಿ ಬರೆಯುವುದನ್ನು ಬಿಡಲಿಲ್ಲ.

ಅರ್ಜಿ ತುಂಬುವ ಮೊದಲು ಮೇಲಿನ ಪ್ರಶ್ನೆಗಳನ್ನು ಕಾಲೇಜಿನವರಿಗೆ ಕೇಳಿ, ಉತ್ತರ ಬರೆದುಕೊಂಡು ನನ್ನ ಬಳಿ ಬನ್ನಿರಿ. ಕೂತು ನೋಡೋಣ. ಖುದಾ ಹಾಫಿಜ್.